ಅಂಕ ಪ್ರಾಜೆಕ್ಟ್ ಪುಸ್ತಕಕ್ಕಲ್ಲ, ಹಂತಗಳಿಗೆ ಸಿಗಲಿ

ಮಾನ್ಯರೇ,

ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೂ 2023-24ರಿಂದ 20 ಆಂತರಿಕ ಅಂಕಗಳು ಬಂದಿವೆ. ಅವುಗಳಲ್ಲಿ 10 ಪ್ರಾಜೆಕ್ಟ್ ಅಥವಾ ಅಸೈನ್‌ಮೆಂಟ್‌ಗೆ. ಒಳ್ಳೆಯ ಕ್ರಮವೇ. ಆದರೆ ಆಗುತ್ತಿರುವುದೇನು? ‘ಕರ್ನಾಟಕದ ಕೆರೆಗಳು’ ಎಂಬ ಒಂದೇ ಪ್ರಾಜೆಕ್ಟ್, ಮೇಲಿನ ಹೆಸರು ಮಾತ್ರ ಬದಲಾಗಿ, ಜೆರಾಕ್ಸ್ ಅಂಗಡಿಯಲ್ಲಿ ವರ್ಷವರ್ಷವೂ ಸ್ಪೈರಲ್ ಬೈಂಡ್ ಆಗಿ ಬರುತ್ತಿದೆ. ಮಕ್ಕಳನ್ನು ಬೈದು ಫಲವಿಲ್ಲ. ಹುಡುಕಿ ಬರೆಯಿರಿ ಎನ್ನುವ ನಾವು, ಹುಡುಕುವುದು ಹೇಗೆಂದು ಕಲಿಸಿದ್ದೇ ಇಲ್ಲ.

ಮೊದಲು ಕಲಿಸಬೇಕಾದದ್ದು ಪ್ರಶ್ನೆಯನ್ನು ಕಿರಿದು ಮಾಡುವುದನ್ನು. ‘ನಮ್ಮೂರ ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ? ಆಮೇಲೆ ಏಕೆ ತುಂಬಿಲ್ಲ?’ ಎಂದು ಕೇಳಿದರೆ ಮೊಬೈಲಿನಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ. ಎದ್ದು, ಕೆರೆಯ ನೀರು ಬಿಡುವ ನೀರಗಂಟಿಯ ಮನೆಗೆ ಹೋಗಲೇಬೇಕು. ಅವರು ಒಂದು ವರ್ಷ ಹೇಳುತ್ತಾರೆ, ಪಕ್ಕದ ಮನೆಯ ಅಜ್ಜಿ ‘ನಮ್ಮ ದೊಡ್ಡ ಮಗಳ ಮದುವೆ ವರ್ಷ’ ಎನ್ನುತ್ತಾರೆ. ಯಾರು, ಯಾವತ್ತು ಹೇಳಿದರು ಎಂಬುದನ್ನೂ ಸೇರಿಸಿ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಲೆಕ್ಕದೊಂದಿಗೆ ತಾಳೆ ನೋಡಬೇಕು. ಮಳೆ ಕಡಿಮೆಯಾಗಿಲ್ಲ ಎಂದಾದರೆ ಗ್ರಾಮನಕ್ಷೆ ಹಿಡಿದು ಕಾಲುವೆಯ ಗುಂಟ ನಡೆದರೆ, ಒತ್ತುವರಿ ಕಂಡರೂ ಕಂಡೀತು. ತಾಳೆ ಬೀಳದಿದ್ದರೆ ಬೀಳಲಿಲ್ಲ ಎಂದೇ ಬರೆಯಲಿ. ಅದಕ್ಕೆ ಅಂಕ ಕಡಿಯಬಾರದು.

ಇದೇನೂ ಹೊಸ ವಿದ್ಯೆಯಲ್ಲ. 10ರಿಂದ 17 ವರ್ಷದ ಮಕ್ಕಳಿಗಾಗಿ 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಸ್ಥಳೀಯ ಸಮಸ್ಯೆ, ಸಮೀಕ್ಷೆ, ದಿನಚರಿ ಎಲ್ಲವೂ ಇವೆ. ಆದರೆ ಅದು ಶಾಲೆಗೆ ನಾಲ್ಕೈದು ಜಾಣ ಮಕ್ಕಳ ಪಾಲಿಗಷ್ಟೇ ದಕ್ಕುತ್ತದೆ, ಅದೂ ವಿಜ್ಞಾನದ ಮೇಷ್ಟ್ರಿಗೆ ಉತ್ಸಾಹವಿದ್ದರೆ.

ಆದ್ದರಿಂದ ಆ 10 ಅಂಕಗಳನ್ನು ಒಡೆಯಿರಿ: ಪ್ರಶ್ನೆಗೆ 2, ಟಿಪ್ಪಣಿ ಮತ್ತು ಆಕರಗಳಿಗೆ 4, ಕರಡಿಗೆ 2, ಕೊನೆಯ ಪ್ರತಿಗೆ 2. ಒಂದು ಹಂತಕ್ಕೆ ಸಹಿ ಬೀಳದೆ ಮುಂದಿನದು ಬೇಡ. ತರಗತಿಯಲ್ಲಿ ಎಂಬತ್ತು ಮಕ್ಕಳಿರುವಾಗ ಇದು ಆಗದ ಮಾತು ಎಂದು ಸಹೋದ್ಯೋಗಿಗಳು ಗೊಣಗುತ್ತಾರೆ, ನಿಜವೇ. ಐದೈದು ಮಂದಿಯ ಗುಂಪು ಮಾಡಿದರೆ ನೋಡಬೇಕಾದದ್ದು ಹದಿನಾರು ಟಿಪ್ಪಣಿ ಪುಸ್ತಕ.

ಪಿಎಚ್‌ಡಿ ಪ್ರಬಂಧದಲ್ಲಿ ಶೇ 10ಕ್ಕಿಂತ ಹೆಚ್ಚು ನಕಲು ಕಂಡರೆ ದಂಡನೆ ಎಂದು ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಹದಿನೇಳನೇ ವಯಸ್ಸಿನಲ್ಲಿ ಇಡೀ ನಕಲಿಗೆ ಹತ್ತಕ್ಕೆ ಹತ್ತು ಕೊಟ್ಟು ಕಳಿಸುವವರು ನಾವೇ. ಮುಂದಿನ ಸಾಲಿನ ಮಾರ್ಗಸೂಚಿ ಹೊರಡಿಸುವ ಮುನ್ನ ಪದವಿ ಪೂರ್ವ ಶಿಕ್ಷಣ ಇಲಾಖೆ ಈ ಅಂಕ ಹಂಚಿಕೆಯನ್ನು ಪರಿಶೀಲಿಸಲಿ.

– ಇತಿಹಾಸ ಉಪನ್ಯಾಸಕ, ಶಿರಾ