ಸ್ವಿಸ್ ಪಾಸ್ ಮಿಲಾನ್ ತನಕ ನಡೆಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸದ ಬರಹ ಓದಿದೆ. ಚೆನ್ನಾಗಿತ್ತು, ಫೋಟೊಗಳಂತೂ ಇನ್ನೂ ಚೆನ್ನಾಗಿದ್ದವು. ಆದರೆ ಅದರಲ್ಲಿ ‘ಸ್ವಿಸ್ ಟ್ರಾವೆಲ್ ಪಾಸ್ ಒಂದಿದ್ದರೆ ಸಾಕು, ಅಕ್ಕಪಕ್ಕದ ದೇಶಗಳನ್ನೂ ಸುತ್ತಿ ಬರಬಹುದು’ ಎಂಬ ಸಾಲಿದೆ. ಸ್ವಿಟ್ಜರ್ಲೆಂಡಿನ ರೈಲುಗಳಲ್ಲಿ ಓಡಾಡಲು ಪ್ರವಾಸಿಗರು ಕೊಳ್ಳುವ ಪಾಸ್ ಅದು. ಅದೊಂದು ಸಾಲಿಗಾಗಿ ಈ ಪತ್ರ. ನಾನು ರೈಲ್ವೆಯಲ್ಲಿ ಟಿಸಿ ಆಗಿದ್ದು ನಿವೃತ್ತನಾದವನು. ಯಾರ ಕೈಯಲ್ಲಿ ಪಾಸ್ ಕಂಡರೂ ಎಲ್ಲಿಂದ ಎಲ್ಲಿಗೆ ಎಂದು ನೋಡುವ ಚಾಳಿ ಇನ್ನೂ ಹೋಗಿಲ್ಲ.

ಅಂಥ ಮಾತು ನಂಬಿದರೆ ಏನಾಗುತ್ತದೆ ಎಂಬುದು ನಮ್ಮ ಓಣಿಯವರಿಗೆ ಗೊತ್ತು. ಪಕ್ಕದ ಮನೆಯ ಗಂಡ ಹೆಂಡತಿ ಕಳೆದ ವರ್ಷ ಅಲ್ಲಿಗೆ ಹೋಗಿದ್ದರು. ಪಾಸ್ ಮಾಡಿಸಿಕೊಟ್ಟ ಏಜೆಂಟ್ ‘ಮಿಲಾನ್‌ಗೂ ಇದೇ ನಡೀತದ್ರೀ’ ಎಂದಿದ್ದರಂತೆ. ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಲೋಕಲ್ ರೈಲು ಹತ್ತಿದರು. ಆ ದಾರಿಯಲ್ಲಿ ಸ್ವಿಟ್ಜರ್ಲೆಂಡಿನ ಕೊನೆಯ ಸ್ಟೇಷನ್ ಕಿಯಾಸೊ. ಅಲ್ಲಿಂದ ಇಟಲಿಯ ಮಿಲಾನ್ ಸುಮಾರು 50 ಕಿ.ಮೀ. ಕಿಯಾಸೊ ದಾಟಿದ ಮೇಲೆ ಬಂದ ಇಟಲಿಯ ಟಿಸಿ ಪಾಸ್ ನೋಡಿ ತಲೆ ಅಲ್ಲಾಡಿಸಿದ. ಇಬ್ಬರೂ ಟಿಕೆಟ್ ದುಡ್ಡಿನ ಜೊತೆ ದಂಡ ಕಟ್ಟಿ ಬಂದರು. ಆ ಟಿಸಿಯನ್ನು ನಾನು ಬೈಯುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ರಸೀದಿ ಹರಿದು ಕೊಡುತ್ತಿದ್ದೆ.

ಈ ಗೊಂದಲ ಹುಟ್ಟುವುದು ವೀಸಾದಿಂದ. ಒಂದು ಷೆಂಗೆನ್ ವೀಸಾ ಹಿಡಿದು ಯುರೋಪಿನ 29 ದೇಶ ತಿರುಗಬಹುದು. ಎಷ್ಟೋ ಕಡೆ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರೂ ಇರುವುದಿಲ್ಲ. ವೀಸಾ ನಡೆದ ಮೇಲೆ ಪಾಸೂ ನಡೆಯುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ವೀಸಾ ಕೊಡುವುದು ಸರಕಾರ, ಪಾಸ್ ಕೊಡುವುದು ರೈಲಿನವರು. ಒಂದಕ್ಕೊಂದು ಸಂಬಂಧವೇ ಇಲ್ಲ.

ಹಾಗಂತ ಸ್ವಿಸ್ ಪಾಸ್ ಇಟಲಿಯ ಒಳಗೆ ಕಾಲೇ ಇಡುವುದಿಲ್ಲ ಎಂದೂ ಅಲ್ಲ. ಮಜಾ ಇರುವುದು ಇಲ್ಲೇ. ಸ್ವಿಟ್ಜರ್ಲೆಂಡಿನ ಬ್ರಿಗ್‌ನಿಂದ ಸಿಂಪ್ಲಾನ್ ಸುರಂಗ ಹಿಡಿದು ಹೋದರೆ ಇಟಲಿಯ ಡೊಮೊಡೊಸೊಲಾ ತನಕ ಅದೇ ಪಾಸ್ ನಡೆಯುತ್ತದೆ. 1906ರಲ್ಲಿ ತೆರೆದ ಆ ಸುರಂಗ ಸುಮಾರು 20 ಕಿ.ಮೀ. ಉದ್ದ, ಎರಡು ದೇಶಗಳ ಗಡಿ ಅದರೊಳಗೇ ಹಾದುಹೋಗುತ್ತದೆ. ಆದರೆ ಡೊಮೊಡೊಸೊಲಾ ತನಕ ರೈಲು ಓಡಿಸುವವರು ಸ್ವಿಸ್‌ನವರೇ. ಅಲ್ಲಿಂದ ಸ್ವಿಟ್ಜರ್ಲೆಂಡಿನ ಲೊಕಾರ್ನೊಗೆ ವಾಪಸ್ ಬರುವ ಸಣ್ಣ ರೈಲಿಗೂ ಪಾಸ್ ಸಾಕು, ಅದು ಅರ್ಧ ದಾರಿ ಇಟಲಿಯಲ್ಲೇ ಓಡಿದರೂ.

ಪಾಸ್ ನಡೆಯುವ ಇಟಲಿಯ ಇನ್ನೊಂದು ಊರು ತಿರಾನೊ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ಅವಳ ಹತ್ತಿರ ಹೋದಾಗ ಅಲ್ಲಿಗೂ ಹೋಗಿ ಬಂದೆವು. ಸೇಂಟ್ ಮೊರಿಟ್ಜ್‌ನಿಂದ ಹೊರಡುವ ಬರ್ನಿನಾ ಲೈನಿನ ಕೆಂಪು ರೈಲು 2253 ಮೀಟರ್ ಎತ್ತರಕ್ಕೆ ಹತ್ತಿ, ಆಚೆ ಬದಿ ಇಳಿದು, ಕೊನೆಗೆ ತಿರಾನೊ ಊರಿನ ಚರ್ಚಿನ ಮುಂದೆ ರಸ್ತೆ ಮೇಲೇ ಬರುತ್ತದೆ. ಕಾರಿನವರು ನಿಂತು ದಾರಿ ಬಿಡುತ್ತಾರೆ. ಅಲ್ಲಿ ಎರಡು ಸ್ಟೇಷನ್ ಅಕ್ಕಪಕ್ಕ ಇವೆ. ಒಂದು ಕೆಂಪು ರೈಲಿನದು, ಅಲ್ಲಿಗೆ ಪಾಸ್ ಮುಗಿಯಿತು. ಇನ್ನೊಂದರಿಂದ ಮಿಲಾನ್ ರೈಲು ಹೊರಡುತ್ತದೆ, ಅದಕ್ಕೆ ಇಟಲಿಯ ಟಿಕೆಟ್ ಬೇಕು. ಎರಡರ ನಡುವೆ ನಡೆದರೆ ಒಂದು ಬೀಡಿ ಸೇದುವಷ್ಟೂ ಹೊತ್ತು ಹಿಡಿಯುವುದಿಲ್ಲ. ಅಂದ ಹಾಗೆ, ಗಾಜಿನ ಚಾವಣಿಯ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು. ಅದೇ ಹಳಿಯ ಸಾದಾ ರೈಲಿಗೆ ಸುಮ್ನೆ ಹತ್ತಿ ಕೂರಬಹುದು, ಅದರ ಕಿಟಕಿ ತೆರೆಯಲೂ ಬರುತ್ತದೆ.

ಇದು ಯಾಕೆ ಹೀಗೆ ಎಂದು ನಮ್ಮ ಭಾಗದವರಿಗೆ ಹೇಳುವುದು ಸುಲಭ. ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೊರಟರೆ ದುಧನಿ ಬರುವಷ್ಟರಲ್ಲಿ ಮಹಾರಾಷ್ಟ್ರ ಬಂದಿರುತ್ತದೆ. ರೈಲ್ವೆಗೆ ಅದು ಗಡಿಯೇ ಅಲ್ಲ, ಆಚೆ ಈಚೆ ಎರಡೂ ಸೊಲ್ಲಾಪುರ ವಿಭಾಗ. ರೈಲ್ವೆಯ ಗಡಿ ಇರುವುದು ವಾಡಿಯಲ್ಲಿ, ನಮ್ಮ ಜಿಲ್ಲೆಯ ಒಳಗೇ. ವಾಡಿ ಬಿಟ್ಟು ಯಾದಗಿರಿ ಕಡೆ ಹೊರಟರೆ ಬೇರೆ ವಿಭಾಗ ಶುರು. ಟಿಕೆಟ್ ಒಂದೇ ಆದ್ದರಿಂದ ಪ್ರಯಾಣಿಕರಿಗೆ ಇದು ಗೊತ್ತೇ ಆಗುವುದಿಲ್ಲ. ಯುರೋಪಿನಲ್ಲಿ ವಾಡಿಯಂಥ ಸ್ಟೇಷನ್‌ನಲ್ಲಿ ಟಿಕೆಟ್ಟೇ ಬದಲಾಗುತ್ತದೆ, ಅಷ್ಟೇ ವ್ಯತ್ಯಾಸ.

ಜರ್ಮನಿಯದೂ ಇದೇ ಕತೆ. ಮಗಳ ಹತ್ತಿರ ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದೆ. 2023ರ ಮೇ 1ರಂದು 49 ಯೂರೊಗೆ ಶುರುವಾಗಿದ್ದು, ಈಗ ರೇಟು ಜಾಸ್ತಿ ಆಗಿದೆ. ಡಾಯ್ಚ್‌ಲ್ಯಾಂಡ್ ಎಂದರೆ ಜರ್ಮನಿ, ಆದರೂ ಆ ಟಿಕೆಟ್ ಗಡಿಯ ಫ್ರೈಲಾಸಿಂಗ್ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್ ತನಕ ನಡೆಯುತ್ತದೆ. ಲೋಕಲ್ ರೈಲಿನಲ್ಲಿ ಮಾತ್ರ. ಅದೇ ಹಳಿಯ ಮೇಲೆ ಬರುವ ದೂರದ ಎಕ್ಸ್‌ಪ್ರೆಸ್ ಹತ್ತಿದರೆ ನಡೆಯುವುದಿಲ್ಲ. ಪ್ರವಾಸಿಗರು ತೆಗೆದುಕೊಳ್ಳುವ ಜರ್ಮನ್ ರೈಲ್ ಪಾಸ್‌ಗೂ ಸಾಲ್ಜ್‌ಬರ್ಗ್ ಸೇರಿದೆ, ಮತ್ತು ಬಾಸೆಲ್ ಬಾಡ್ ಸ್ಟೇಷನ್ ಕೂಡ. ಆ ಸ್ಟೇಷನ್ ಇರುವುದು ಸ್ವಿಟ್ಜರ್ಲೆಂಡ್ ನೆಲದಲ್ಲಿ, ನಡೆಸುವುದು ಜರ್ಮನ್ ರೈಲ್ವೆ. ರೈಲು ಅಲ್ಲಿಂದ ಕೆಲವೇ ನಿಮಿಷದಲ್ಲಿ ಬಾಸೆಲ್ ಮುಖ್ಯ ಸ್ಟೇಷನ್ ಸೇರುತ್ತದೆ. ಆ ಕೆಲವು ನಿಮಿಷಕ್ಕೆ ಬೇರೆ ಟಿಕೆಟ್.

ಇಷ್ಟಕ್ಕೆ ಯಾರೂ ಹೆದರಬೇಕಿಲ್ಲ. ಪಾಸ್ ಮುಗಿಯುವ ಸ್ಟೇಷನ್‌ನಿಂದ ಮುಂದಕ್ಕೆ ಮೊದಲೇ ಟಿಕೆಟ್ ತೆಗೆದಿಟ್ಟುಕೊಂಡರೆ ಆಯಿತು. ನಮ್ಮ ಪಕ್ಕದ ಮನೆಯವರಿಗೆ ಬೇಕಾಗಿದ್ದದ್ದು ಕಿಯಾಸೊದಿಂದ ಮಿಲಾನ್‌ಗೆ ಒಂದು ಸಾದಾ ಟಿಕೆಟ್. ಜ್ಯೂರಿಕ್‌ನಿಂದ ನೇರ ಮಿಲಾನ್‌ಗೆ ಹೋಗುವ ಯೂರೊಸಿಟಿ ಎಕ್ಸ್‌ಪ್ರೆಸ್ ಹತ್ತುವವರು ಮಾತ್ರ ಸೀಟೂ ಬುಕ್ ಮಾಡಲೇಬೇಕು. ಮೂರ್ನಾಲ್ಕು ದೇಶ ನೋಡುವ ಆಸೆ ಇದ್ದವರಿಗೆ 33 ದೇಶಗಳಲ್ಲಿ ನಡೆಯುವ ಯೂರೇಲ್ ಗ್ಲೋಬಲ್ ಪಾಸ್ ಇದೆ. ಯೂರೇಲ್‌ನಲ್ಲಿ ಒಂದೇ ದೇಶದ ಪಾಸೂ ಸಿಗುತ್ತದೆ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸಂಬರ್ಗ್ ಮೂರನ್ನೂ ಅವರು ಒಂದೇ ದೇಶ ಅಂತ ಲೆಕ್ಕ ಹಿಡಿಯುತ್ತಾರೆ.

ಸ್ವಿಸ್ ಪಾಸ್‌ನವರು ಒಂದು ನಕ್ಷೆಯನ್ನೂ ಕೊಡುತ್ತಾರೆ. ಯಾವ ಲೈನ್ ಪೂರ್ತಿ ಉಚಿತ, ಎಲ್ಲಿ ಬರೀ ರಿಯಾಯಿತಿ ಎಂದು ಅದರಲ್ಲಿ ಗುರುತಿಸಿರುತ್ತಾರೆ. ನಮ್ಮವರು ತಪ್ಪದೆ ಹೋಗುವ, ಹಿಮದ ಬೆಟ್ಟದ ಮೇಲಿನ ಯುಂಗ್‌ಫ್ರೌಯೋಖ್‌ಗೂ ಪಾಸ್ ಪೂರ್ತಿ ನಡೆಯುವುದಿಲ್ಲ. ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ತನಕ ಉಚಿತ, ಮೇಲಕ್ಕೆ ರಿಯಾಯಿತಿ ಮಾತ್ರ. ಪಾಸ್ ಮಾರುವ ಏಜೆಂಟರು ಹೋಟೆಲ್ ವೋಚರ್ ಜೊತೆ ಆ ನಕ್ಷೆಯ ಒಂದು ಪ್ರಿಂಟ್ ಇಟ್ಟುಕೊಡಲು ಎಷ್ಟು ಖರ್ಚಾಗುತ್ತದೆ?

ಮುಂದಿನ ಭಾನುವಾರದ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ ಎಂದು ನನ್ನ ವಿನಂತಿ. ಇಟಲಿ ಕಡೆ ಪಾಸ್ ಯಾವ ಸ್ಟೇಷನ್ ತನಕ ಎಂದು ಹೆಸರು ಹಿಡಿದು ಬರೆದರೆ ಒಳ್ಳೆಯದು. ಸಾಧ್ಯವಾದರೆ ಬೇಗ ಹಾಕಿ. ನಮ್ಮ ಓಣಿಯಿಂದ ಇನ್ನೊಂದು ಗುಂಪು ಮೇ ತಿಂಗಳಲ್ಲಿ ಹೊರಡಲಿದೆ, ಅದೇ ಏಜೆಂಟ್ ಹತ್ತಿರ ಬುಕ್ ಮಾಡಿದ್ದಾರೆ.

– ನಿವೃತ್ತ ಟಿಕೆಟ್ ತಪಾಸಕ, ವಾಡಿ, ಕಲಬುರಗಿ ಜಿಲ್ಲೆ