ಹಂಡೆ ಮಾತ್ರ ತೆಗೆಸಬೇಡಿ

ಹ್ಯಾಮಿಲ್ಟನ್, ಕೆನಡಾ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಆರಾಮ. ಪುಟ್ಟನ ಕೆಮ್ಮು ಹೋಯಿತು. ಫೋನಿದ್ದೂ ಕಾಗದ ಯಾಕೆ ಅಂತ ಕೇಳಬೇಡಿ. ಫೋನಿನಲ್ಲಿ ಹೇಳಿದರೆ ನೀವು ಅರ್ಧ ಕೇಳಿ "ಆಯ್ತು ಮಾರಾಯ್ತಿ, ಆಯ್ತು" ಅಂತೀರಿ. ಮರುದಿನ ಮೇಸ್ತ್ರಿ ಹೇಳಿದ್ದೇ ನಡೆಯುತ್ತದೆ. ಕಾಗದವಾದರೆ ಅವನಿಗೇ ಓದಿ ಹೇಳಬಹುದು.

ಬಚ್ಚಲಿಗೆ ಟೈಲ್ಸ್ ಹಾಕಿಸುತ್ತಿದ್ದೀರಿ, ಬಿಳಿಯದು, ಮುಖ ಕಾಣುವಷ್ಟು ಹೊಳೆಯುತ್ತದೆ ಅಂತ ಅಮ್ಮ ಖುಷಿಯಲ್ಲಿ ಹೇಳಿದಳು. ಹಿರಿಯಡ್ಕದಿಂದ ಬಸ್ಸು ಹಿಡಿದು ಉಡುಪಿಗೆ ಹೋಗಿ ಮುಂಗಡವನ್ನೂ ಕೊಟ್ಟು ಬಂದಿರಂತೆ. ನನಗೆ ಕೂಡಲೇ ನೆನಪಾದದ್ದು ಕಲ್ಯಾಣಪುರದ ಅತ್ತೆ. ಅವರು ಸೊಂಟ ಮುರಿದುಕೊಂಡದ್ದೂ ಇಂಥದೇ ಹೊಳೆಯುವ ನೆಲದ ಮೇಲೆ ಅಲ್ವಾ? ಎಣ್ಣೆ ಸ್ನಾನದ ದಿನ, ಸೋಪಿನ ನೀರು, ಒಂದು ಹೆಜ್ಜೆ. ಅಂಗಡಿಯವರ ಹತ್ತಿರ ಮಾತಾಡಿ ನೆಲಕ್ಕೆ ಒರಟು ಮೈಯ, ಜಾರದ ಟೈಲ್ಸ್ ತನ್ನಿ. ಹೊಳೆಯುವುದು ಬೇಕಿದ್ದರೆ ಗೋಡೆಗೆ ಹಾಕಿಸಿ, ಅಮ್ಮ ಮುಖ ನೋಡಿಕೊಳ್ಳಲಿ.

ಇವಳೇನು ಟೈಲ್ಸಿನ ಪಂಡಿತೆಯಾ ಅಂತ ನಗಬೇಡಿ. ಒಂಬತ್ತು ವಾರ ನಾನೂ ಇವರೂ ಸೇರಿ ನಮ್ಮ ಮಹಡಿಯ ಬಾತ್‌ರೂಮನ್ನು ಕೈಯಾರೆ ಒಡೆದು ಕಟ್ಟಿದ್ದೇವೆ. ಎರಡು ವಾರದಲ್ಲಿ ಮುಗಿಸುತ್ತೇವೆ ಅಂತ ಶುರು ಮಾಡಿದ್ದು! ಇಲ್ಲಿಯ ಕೆಲಸದವರು 20,000 ಡಾಲರ್ ಕೇಳಿದರು. ನಮಗೆ ಸಾಮಾನಿಗೆ 6,000ದ ಒಳಗೆ ಆಯಿತು. ಇವರ ಬೆನ್ನುನೋವಿನ ಲೆಕ್ಕ ಅದರಲ್ಲಿ ಸೇರಿಲ್ಲ.

ನಮ್ಮದು 1974ರ ಮನೆ. ಆ ಕಾಲದ ಗೋಡೆಯ ಪುಟ್ಟಿಯಲ್ಲಿ, ನೆಲದ ಹಾಸಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವುದುಂಟು. ಕೆನಡಾ ಅದನ್ನು ನಿಷೇಧಿಸಿದ್ದು 2018ರಲ್ಲಿ. ಮುಟ್ಟದಿದ್ದರೆ ಸುಮ್ನೆ ಇರುತ್ತದೆ, ಒಡೆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಮೊದಲು ನಾಲ್ಕು ಚೂರು ಲ್ಯಾಬಿಗೆ ಕಳಿಸಿದೆವು. ಇಲ್ಲ ಅಂತ ಬಂತು, ಆಮೇಲೆ ಸುತ್ತಿಗೆ ಎತ್ತಿದ್ದು. ನಮ್ಮ ಕೊಟ್ಟಿಗೆಯ ಹಳೇ ಸಿಮೆಂಟ್ ಶೀಟಿನಲ್ಲೂ ಅದೇ ನಾರು ಇರಬಹುದು. ಅದಕ್ಕೆ ಯಾರೂ ಡ್ರಿಲ್ ಹಾಕದ ಹಾಗೆ ನೋಡಿಕೊಳ್ಳಿ.

ಮೊದಲ ದಿನವೇ ಸಿಂಕಿನ ಕೆಳಗಿನ ವಾಲ್ವ್ ತಿರುಗಿಸಲು ಹೋಗಿ ಅದರ ಹಿಡಿ ಇವರ ಕೈಗೇ ಬಂತು. ನೀರು ಕಾರಂಜಿ. ನಾನು ನೆಲಮಾಳಿಗೆಗೆ ಓಡಿ ಇಡೀ ಮನೆಯ ನೀರು ಬಂದ್ ಮಾಡಿದೆ. ಪುಟ್ಟ ಮಾತ್ರ ಚಪ್ಪಾಳೆ ಹೊಡೆದ.

ನೋಡಬೇಕಾದದ್ದು ಟೈಲ್ಸ್ ಕಿತ್ತ ಮೇಲೆ ಕಂಡದ್ದನ್ನು. ಇಲ್ಲಿಯ ಗೋಡೆ ಕೆಂಪುಕಲ್ಲಿನದ್ದಲ್ಲ, ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ಶವರ್ ಮೂಲೆಯ ಟೈಲ್ಸ್ ಹೊರಗಿನಿಂದ ಚೆನ್ನಾಗಿಯೇ ಇತ್ತು. ಎಬ್ಬಿಸಿದರೆ ಹಿಂದಿನ ಹಲಗೆ ನೆನೆಸಿದ ಅವಲಕ್ಕಿ ಥರ ಕೈಗೆ ಬಂತು. ಒಳಗೆ ಕಪ್ಪು ಬೂಸ್ಟು, ಮರದ ಬುಡವೇ ಕೊಳೆತಿತ್ತು. ಕಾರಣ? ಎರಡು ಗೋಡೆ ಸೇರುವ ಮೂಲೆಗೆ ರಬ್ಬರಿನ ಹಾಗೆ ಬಗ್ಗುವ ಸಿಲಿಕೋನ್ ಹಾಕುವ ಬದಲು ಗ್ರೌಟ್, ಅಂದರೆ ಟೈಲ್ಸಿನ ಸಂದಿಗೆ ಹಾಕುವ ಸಿಮೆಂಟಿನಂಥ ಪುಡಿ ಕಲಸಿ ತುಂಬಿದ್ದರು. ಗೋಡೆ ಸ್ವಲ್ಪ ಅಲುಗಿದರೂ ಗ್ರೌಟ್ ಬಿರಿಯುತ್ತದೆ, ಕೂದಲೆಳೆಯಷ್ಟು ಬಿರುಕು ಸಾಕು.

ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಇಳಿಯುತ್ತದೆ ಅಪ್ಪಯ್ಯ, ಸಂದಿನ ಗ್ರೌಟಿನಿಂದ. ನೀರು ತಡೆಯುವುದು ಅದರ ಅಡಿಯ ವಾಟರ್‌ಪ್ರೂಫ್ ಪದರ. ನಾವು ಹಚ್ಚಿದ್ದು ರಬ್ಬರಿನಂಥ ಬಣ್ಣ. ಬಳಿಯುವಾಗ ಗುಲಾಬಿ, ಒಣಗಿದರೆ ಕೆಂಪು. ಎರಡು ಕೈ ಬಳಿದು, ನೀರು ಹೋಗುವ ತೂತು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ ಗೋಡೆಗೆ ಪೆನ್ಸಿಲ್ ಗೆರೆ ಎಳೆದೆವು. 24 ಗಂಟೆ ಕಾಯಬೇಕು. ಕೆಳಗೇ ಊಟದ ಮೇಜು! ರಾತ್ರಿ ಮೂರು ಸಲ ಟಾರ್ಚ್ ಹಿಡಿದು ಹೋದೆ. ಗೆರೆ ಅಲ್ಲೇ, ನೀರೂ ಅಲ್ಲೇ. ನಿಮ್ಮ ಮೇಸ್ತ್ರಿ ಕೂಡ ಟೈಲ್ಸ್ ಅಂಟಿಸುವ ಮೊದಲು ಹೀಗೆ ನೀರು ಕಟ್ಟಿ ತೋರಿಸಲಿ. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ಹೇಳಿದರೆ ಬೈದಾನು, ಈಗಲೇ ಮಾಡಿಸಿ.

ವಾಟದ, ಅಂದರೆ ನೀರು ತೂತಿನ ಕಡೆ ಹರಿಯುವ ಇಳಿಜಾರಿನ ವಿಷಯದಲ್ಲಿ ನಾವು ಎಡವಿದೆವು. ಒಂದು ಅಡಿ ಉದ್ದಕ್ಕೆ ಕಾಲು ಇಂಚು ಇಳಿಯಬೇಕು ಅಂತ ಇಲ್ಲಿಯ ಲೆಕ್ಕ. ರಸಮಟ್ಟ ಇಟ್ಟು ನೋಡಿಯೇ ಮಾಡಿದ್ದು. ಆದರೂ ಸಿಮೆಂಟ್ ಒಣಗಿದ ಮೇಲೆ ಒಂದು ಚೊಂಬು ನೀರು ಹೊಯ್ದರೆ ಒಂದು ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತೇ ಇತ್ತು. ಬಾಳೆಲೆಯಲ್ಲಿ ಸಾರು ಯಾವ ಕಡೆ ಹೋಗುತ್ತದೆ ಅಂತ ಬಡಿಸುವಾಗಲೇ ಗೊತ್ತಾಗುತ್ತದಲ್ಲ, ಇದು ಹಾಗಲ್ಲ. ಒಡೆದು ಮತ್ತೆ ಮಾಡಿದೆವು. ಊರಿನ ನಮ್ಮ ಬಚ್ಚಲು ಬಾಗಿಲಿನಿಂದ ತೂತಿನವರೆಗೆ ಆರು ಅಡಿ. ಒಂದೂವರೆ ಇಂಚು ಇಳಿಯಬೇಕು.

ಇನ್ನೊಂದು ಮುಖ್ಯ ವಿಷಯ, ಇದನ್ನು ಮೇಸ್ತ್ರಿಗೆ ಎರಡು ಸಲ ಓದಿ ಹೇಳಿ. ಇವರು ಊರಿನಲ್ಲಿ ನೋಡಿದ ಹಾಗೆ ಟೈಲಿನ ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಅಂಟು ಇಟ್ಟು ಒತ್ತಿದರು. ನಾನು ಅನುಮಾನದಿಂದ ಒಂದನ್ನು ಎಬ್ಬಿಸಿದೆ. ಅಡಿಯಲ್ಲಿ ಅರ್ಧಕ್ಕರ್ಧ ಖಾಲಿ! ಆ ಖಾಲಿಯಲ್ಲೇ ನೀರು ಕೂರುವುದು. ಅಂಚಿಗೆ ಹಲ್ಲಿರುವ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಗೀರಿ ಎಳೆದು, ಟೈಲ್ ಒತ್ತಿ, ಸ್ವಲ್ಪ ಅತ್ತಿತ್ತ ಅಲುಗಿಸಬೇಕು. ಒದ್ದೆಯಾಗುವ ಜಾಗದಲ್ಲಿ ಟೈಲಿನ ಬೆನ್ನಿಗೆ ನೂರಕ್ಕೆ 95 ಪಾಲಾದರೂ ಅಂಟು ಹತ್ತಬೇಕು. ಪರೀಕ್ಷೆ ಸುಲಭ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ. ಕಾಯಿ ತಟ್ಟಿ ಬೆಳೆದಿದೆಯೋ ಇಲ್ಲವೋ ಹೇಳುವ ನಿಮಗೆ ಪೊಳ್ಳು ಸದ್ದು ನಾನು ಕಲಿಸಬೇಕಾ?

ಕೈ ಹಿಡಿಯಲು ಸ್ಟೀಲ್ ಕಂಬಿ ಬೇಡ, ನಾವೇನು ಮುದುಕರಾ ಅಂತ ಅಮ್ಮ ಹೇಳುತ್ತಾಳೆ. ಅಮ್ಮಾ, ನಿನಗಲ್ಲ, ಅಪ್ಪಯ್ಯನಿಗೆ. ಅಪ್ಪಯ್ಯ, ನಿಮಗಲ್ಲ, ಅಮ್ಮನಿಗೆ. ಒಟ್ಟಿನಲ್ಲಿ ಹಾಕಿಸಿ. ಕೆಂಪುಕಲ್ಲು ಮೆತ್ತಗೆ, ಸಣ್ಣ ಸ್ಕ್ರೂ ಕಿತ್ತು ಬರುತ್ತದೆ. ಟೈಲ್ಸ್ ಏರುವ ಮೊದಲೇ ಜಾಗ ಗುರುತಿಸಿ ಉದ್ದದ ಬೋಲ್ಟ್ ಕೂರಿಸಲಿ.

ಹಂಡೆ ತೆಗೆದು ಗೀಸರ್ ಇಟ್ಟರೆ ಜಾಗ ಆಗುತ್ತದೆ ಅಂತ ಮೇಸ್ತ್ರಿ ಹೇಳಿದನಂತೆ. ಅದೊಂದು ಬೇಡ. ಗೀಸರ್ ಬೇಕಿದ್ದರೆ ಮೇಲೆ ಗೋಡೆಗೆ ಇರಲಿ. ಇಲ್ಲಿ ಶವರ್ ಮೂಲೆ ಬಿಟ್ಟರೆ ಉಳಿದ ನೆಲದಲ್ಲಿ ನೀರು ಹೋಗಲು ತೂತೇ ಇಲ್ಲ. ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡು ಎಷ್ಟು ವರ್ಷ ಆಯಿತೋ. ಗೆರಟೆ ಉರಿದ ಹೊಗೆಯ ವಾಸನೆ ಟವೆಲ್ಲಿಗೆ ಹತ್ತಿರುತ್ತಿತ್ತಲ್ಲ, ಪುಟ್ಟನಿಗೆ ಅದು ಗೊತ್ತೇ ಇಲ್ಲ. ದೀಪಾವಳಿಗೆ ಬರುತ್ತೇವೆ. ನೀರು ತುಂಬುವ ರಾತ್ರಿ ಹಂಡೆ ತೊಳೆದು ಹೂ ಸುತ್ತುವುದು ಅವನ ಕೆಲಸ ಅಂತ ಆಗಲೇ ಹೇಳಿ ಇಟ್ಟಿದ್ದೇನೆ. ಒಲೆಯ ಬದಿಯ ಗೋಡೆಗೆ ಮಾತ್ರ ಟೈಲ್ಸ್ ಬೇಡ, ಶಾಖಕ್ಕೆ ಬಿಟ್ಟು ಬರುತ್ತದೆ. ಈಗಿನ ಸಿಮೆಂಟೇ ಇರಲಿ, ಹೇಗೂ ಮಸಿ ಹಿಡಿಯುವುದೇ.

ಒಲೆಯ ಕಟ್ಟೆಯ ಉದ್ದ, ಅಗಲ, ಎತ್ತರ ಅಳೆದು ಕಳಿಸಿ. ಅಷ್ಟು ಜಾಗ ಬಿಟ್ಟು ಇವರು ಕೂತು ಟೈಲ್ಸ್ ಲೆಕ್ಕ ಹಾಕಿ ಕೊಡುತ್ತಾರಂತೆ, ಈಗ ದೊಡ್ಡ ಮೇಸ್ತ್ರಿ ಅಲ್ವಾ. ಅಮ್ಮನ ಗೇಣಿನ ಅಳತೆ ಬೇಡ. ದೇವರ ಕೋಣೆಯ ಕಪಾಟಿನಲ್ಲಿ ಟೇಪ್ ಇದೆ, ಮೇಲಿನ ಖಾನೆಯಲ್ಲಿ.

ನಿಮ್ಮ ಮಗಳು