ಭಾನುವಾರದ ವಿದ್ಯುತ್ ಮಾದರಿಗಳ ತಯಾರಿ

ಗುಂಪಿನ ಎಲ್ಲ ಶಿಕ್ಷಕರಿಗೂ ಪಾಲಕರಿಗೂ ನಮಸ್ಕಾರ.

ವಿದ್ಯುತ್ ಉತ್ಪಾದನೆಯ ಮಾದರಿಗಳನ್ನು ತಯಾರಿಸಲು 8 ಮತ್ತು 9ನೇ ತರಗತಿಯ ಮಕ್ಕಳು ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ರಾಯಚೂರಿನ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಸೇರಲಿದ್ದಾರೆ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಮಕ್ಕಳು ನೋಡಿದ್ದಾರೆ. ಆದರೆ 1720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದಿಂದ ನೀರು ಹಬೆಯಾಗಿ, ಹಬೆ ಟರ್ಬೈನನ್ನು ತಿರುಗಿಸಿ, ಅದಕ್ಕೆ ಜೋಡಿಸಿದ ಜನರೇಟರಿನಿಂದ ವಿದ್ಯುತ್ ಬರುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಬೇಕು. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಆ ಶಾಖವನ್ನು ಯುರೇನಿಯಂ ಒದಗಿಸುತ್ತದೆ. ತುಂಗಭದ್ರಾ ಅಣೆಕಟ್ಟಿನಲ್ಲಿ ನೀರೂ ಕೊಪ್ಪಳದ ಬಯಲಿನಲ್ಲಿ ಗಾಳಿಯೂ ಟರ್ಬೈನನ್ನು ನೇರವಾಗಿ ತಿರುಗಿಸುತ್ತವೆ. ಪಾವಗಡದ ಸೌರಫಲಕಗಳಲ್ಲಿ ಮಾತ್ರ ತಿರುಗುವ ಭಾಗವೇ ಇಲ್ಲ. ಬಿಸಿಲಿನ ಬೆಳಕು ಸಿಲಿಕಾನ್‌ನಲ್ಲಿರುವ ಎಲೆಕ್ಟ್ರಾನುಗಳನ್ನು ಚಲಿಸುವಂತೆ ಮಾಡುತ್ತದೆ.

ಮನೆಯಲ್ಲಿ ಹಳೆಯ ಸೈಕಲ್ ಡೈನಮೋ ಇದ್ದವರು ದಯವಿಟ್ಟು ತರಬೇಕು. ಸುಲಭವಾಗಿ ತಿರುಗುತ್ತಿದ್ದ ಚಕ್ರವು ಬಲ್ಬ್ ಜೋಡಿಸಿದ ಕೂಡಲೇ ಕೈಗೆ ಭಾರವಾಗುವುದನ್ನು ಪ್ರತಿ ಮಗುವೂ ಅನುಭವಿಸಲೇಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ವಿದ್ಯುತ್ ಪುಕ್ಕಟೆಯಾಗಿ ಹುಟ್ಟುವುದಿಲ್ಲ ಎಂಬುದನ್ನು ಯಾವ ಚಿತ್ರಪಟವೂ ಇಷ್ಟು ಚೆನ್ನಾಗಿ ತಿಳಿಸಲಾರದು. ಸಿಂಧನೂರು ಕಡೆಯಿಂದ ಬರುವವರು ಜೈವಿಕ ಇಂಧನದ ಮಾದರಿಗಾಗಿ ಒಂದು ಸಣ್ಣ ಚೀಲ ಭತ್ತದ ಹೊಟ್ಟು ತಂದರೆ ಉಪಕಾರವಾಗುತ್ತದೆ.

ಯಾವ ಮಾದರಿಯನ್ನೂ ಗೋಡೆಯ 230 ವೋಲ್ಟ್ ಸಾಕೆಟ್ಟಿಗೆ ಜೋಡಿಸಕೂಡದು. ಹಬೆಯ ಮಾದರಿಯನ್ನು ಶಿಕ್ಷಕರೇ ನಡೆಸಬೇಕು, ಅದರ ಪಾತ್ರೆಯ ಬಾಯಿಯನ್ನು ಪೂರ್ತಿ ಮುಚ್ಚಬಾರದು.

ಯಾರು ಏನು ತರುತ್ತೀರಿ, ನಿಮ್ಮ ಮಗು ಬರುತ್ತದೆಯೇ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.